ಒಳಗೆ ಮುರಿದದ್ದು

ಕಿಟಕಿಯ ಬೆಳಕಿಗೆ ಡಾಕ್ಟರು ಎತ್ತಿ ಹಿಡಿದ ಕರಿಯ ಹಾಳೆಯಲ್ಲಿರುವುದು ತನ್ನ ಬೆನ್ನಂತೆ, ಬೆನ್ನೆಂದರೆ ಇಷ್ಟೇನಾ, ಹೊಗೆ ಹಿಡಿದ ಗಾಜಿನ ಮೇಲೆ ಯಾರೋ ಬೆರಳಾಡಿಸಿದ ಹಾಗೆ, ಅದರಾಚೆ ಬೀದಿಯಲ್ಲಿ ಕೊಬ್ಬರಿ ಚೀಲ ಹೇರಿದ ಗಾಡಿಯೂ ಮಸುಕಾಗಿ ಕಾಣುತ್ತಿದೆ, ಮೂರು ತಿಂಗಳಿಂದ ಮಗ್ಗುಲು ಬದಲಿಸಗೊಡದ ನೋವು ಇದರಲ್ಲಿ ಎಲ್ಲಿ ಕೂತಿದೆಯೋ ಎಂದು ಹೊಂಬಾಳಮ್ಮ ಹುಡುಕುತ್ತಿದ್ದಳು — ನೋಡಿ, ಈ ಎರಡು ಮಣಿ ಕುಸಿದು ಚಪ್ಪಟೆಯಾಗಿವೆ, ಮೂಳೆಯೆಲ್ಲ ಟೊಳ್ಳು, ಯಾವಾಗ ಬಿದ್ರಿ ಅಮ್ಮ, ಎಂದರು ಡಾಕ್ಟರು, ಅವಳು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಗಂಡ ಸಣ್ಣತಿಮ್ಮಯ್ಯ, ಎಲ್ಲಿ ಬಿದ್ಲು ಸಾ, ಎಮ್ಮೆಗೆ ಕಲಗಚ್ಚಿನ ಬಕೀಟು ಎತ್ತಕ್ಕೆ ಬಗ್ಗಿದ್ಲು ಅಷ್ಟೇಯ, ಅಷ್ಟಕ್ಕೇ ಮುರಿಯಕ್ಕೆ ಇದೇನು ಹಪ್ಪಳ್ವಾ ಎಂದು ನಕ್ಕ, ಅಷ್ಟಕ್ಕೇ ಮುರಿಯಿತು, ಕಟ್ ಅಂದದ್ದು ಅವಳಿಗೆ ಕೇಳಿಸಿತ್ತು, ಒಣಗಿದ ಕಡ್ಡಿ ಮುರಿದ ಹಾಗೆ, ಆದರೆ ಹೇಳಿದರೆ ನಂಬುವವರು ಯಾರು, ಮೈಗಳ್ಳಿ ಅಂದರು, ದೆವ್ವ ಮೆಟ್ಟಿದೆ ಅಂದರು — ಮುಟ್ಟು ನಿಂತು ಎಷ್ಟು ವರ್ಷ ಆಯ್ತಮ್ಮ, ಗಂಡಸರ ಮುಂದೆ ಕೇಳುವ ಮಾತೇ ಇದು, ಸಣ್ಣತಿಮ್ಮಯ್ಯ ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿಯನ್ನು ದಿಟ್ಟಿಸಿದ, ಅವಳು ನೆಲ ನೋಡಿಕೊಂಡೇ, ಹದಿನೇಳು ವರ್ಸ, ಮೂವತ್ತೆಂಟಕ್ಕೇ ಗರ್ಭಕೋಶ ತೆಗೆದುಬುಟ್ರು ಸ್ವಾಮಿ ಎಂದಳು, ಅಂಡಾಶಯವನ್ನೂ ತೆಗೆದಿರಬೇಕು, ಮೂಳೆಗೆ ಕಾವಲಿರುವ ರಸ ಹುಟ್ಟುವುದೇ ಅಲ್ಲಿ, ಅದು ನಿಂತಮೇಲೆ ಮೂಳೆ ಒಳಗಿಂದ ಸವೆಯುತ್ತದೆ, ವಯಸ್ಸಾದ ಹೆಂಗಸರಿಗೆಲ್ಲ ಇದ್ದದ್ದೇ, ನಿಮಗೆ ಬೇಗ ಬಂತು, ಎಂದರು ಡಾಕ್ಟರು — ಹೌದೇ, ಆವತ್ತು ಒಬ್ಬರೂ ಹೇಳಲಿಲ್ಲವಲ್ಲ, ಇನ್ನು ತಿಂಗಳಿಗೆ ಮೂರು ದಿನ ಹೊರಗೆ ಕೂರೋ ತಾಪತ್ರಯ ಇಲ್ಲ ಬುಡವ್ವ ಅಂದಿದ್ದಳು ಆಸ್ಪತ್ರೆಯ ಆಯಾ, ಅದನ್ನೇ ವರವೆಂದುಕೊಂಡು ಬಸ್ಸು ಹತ್ತಿದ್ದಳು.

ಹಾಲು ಕುಡೀತೀರಾ, ಇದೊಂದು ಕೇಳಬಾರದಿತ್ತು ಡಾಕ್ಟರು, ಮೂವತ್ತು ವರ್ಷ ನಾಲ್ಕು ಎಮ್ಮೆ ಕರೆದವಳು ಲೋಟ ತುಂಬ ಹಾಲು ಕಂಡದ್ದು ಬಾಣಂತನದಲ್ಲಿ ಮಾತ್ರ, ಗಟ್ಟಿ ಹಾಲು ಹೋಟೆಲಿಗೆ, ಕೆನೆ ಮೊಸರು ಗಂಡಸರಿಗೆ, ತಳದ ನೀರು ಮಜ್ಜಿಗೆ ತನಗೆ, ಮನೇಲಿ ಹಾಲಿಗೇನು ಬರ ಸಾ ಎನ್ನುತ್ತಿದ್ದಾನೆ ಗಂಡ, ನಾಚಿಕೆಯಿಲ್ಲದ ಬಾಯಿ, ಡಾಕ್ಟರು ಚೀಟಿ ಬರೆಯುತ್ತಿದ್ದಾರೆ, ಸುಣ್ಣದಂಶದ ಮಾತ್ರೆ, ಎರಡು ಹೊತ್ತು ಹಾಲು, ಭಾರ ಎತ್ತಬೇಡಿ, ಬಗ್ಗಬೇಡಿ, ಹಾಗಂತ ಮಲಗಿಯೇ ಇರಬೇಡಿ, ಎಳೆ ಬಿಸಿಲಲ್ಲಿ ಓಡಾಡಿ, ಬಗ್ಗದೆ ಯಾವ ಹೆಂಗಸು ಬದುಕಿದ್ದಾಳೆ ತಮ್ಮೂರು ಹಾಲ್ಕುರಿಕೆಯಲ್ಲಿ — ಗಂಡ ಕಿವಿಯ ಹತ್ತಿರ ಗೊಣಗಿದ, ಮಾತ್ರೆ ನುಂಗಿ ಯಾರ ಬೆನ್ನು ನೆಟ್ಟಗಾಗೈತೆ, ದುರ್ಗಯ್ಯನ ಕೈಲಿ ಒದೆಸ್ಕಳೇ ಅಂತ ಬಡ್ಕಂಡೆ, ಊರೆಲ್ಲ ಒದೆಸ್ಕತಾರೆ, ನಿಂಗೇನು ಬಂದೈತೆ. ದುರ್ಗಯ್ಯ ಕಾಲು ಮುಂದಾಗಿ ಹುಟ್ಟಿದವನು, ಅಂಥವನು ಮೂರು ಸಲ ಒದ್ದರೆ ಹಿಡಿದುಕೊಂಡ ಬೆನ್ನು ಬಿಡುತ್ತದಂತೆ, ಮೂರು ತಿಂಗಳಿಂದ ಒಲ್ಲೆ ಅಂದಳೇ ಹೊರತು ಏಕೆಂದು ಹೇಳಿದವಳಲ್ಲ, ಹೇಗೆ ಹೇಳುವುದು, ಹನ್ನೆರಡು ವರ್ಷದ ಹಿಂದಿನ ಮಾತು, ಅತ್ತೆ ಭೂತಮ್ಮ ವರ್ಷ ವರ್ಷಕ್ಕೂ ಕುಡುಗೋಲಿನಂತೆ ಬಾಗಿ, ಕುಳ್ಳಾಗಿ, ಕಳೆ ಕೀಳುವ ಕಾಲಕ್ಕೆ ಸರಿಯಾಗಿ ಮಲಗಿಬಿಟ್ಟಿದ್ದಳು, ಒಳಗೆ ಮುರಿದೈತೆ ಕಣವ್ವ ಅಂದಳು, ಇದೆಲ್ಲ ಸೋಗು ಅಂದದ್ದು ಯಾರು, ಗಂಡ ಕೊಬ್ಬರಿ ಮಂಡಿಗೆ ಹೋದ ದಿನವೇ ದುರ್ಗಯ್ಯನಿಗೆ ಹೇಳಿಕಳಿಸಿದ್ದು ಯಾರು, ಬ್ಯಾಡ ಕಣೇ ಹೊಂಬಾಳಿ, ನಿನ್ನ ಕಾಲಿಗೆ ಬೀಳ್ತೀನಿ, ಅತ್ತೆ ಸೊಸೆಗೆ ಹೇಳುವ ಮಾತೇ ಅದು, ಅಷ್ಟಾದರೂ ಜಗಲಿಯ ಕಂಬ ಹಿಡಿಸಿ ನಿಲ್ಲಿಸಿ, ಗಟ್ಟಿಯಾಗೇ ಒದಿಯಪ್ಪ, ಸೋಗು ಬುಡ್ಲಿ, ಅಂದದ್ದು ಇದೇ ಬಾಯಿ — ಆಮೇಲೆ ಆ ಕಾಲುಗಳು ಎದ್ದು ನಿಲ್ಲಲಿಲ್ಲ, ನಾಲ್ಕು ತಿಂಗಳು ಹಾಸಿಗೆ, ಬೆನ್ನೆಲ್ಲ ಹುಣ್ಣು, ಬಚ್ಚಲಲ್ಲಿ ಜಾರಿದ್ರು ಎಂದು ಗಂಡನಿಗೆ ಹೇಳಿದಳು, ಭೂತಮ್ಮನೂ ಸಾಯುವತನಕ ಮಗನ ಮುಂದೆ ಬಾಯಿ ಬಿಡಲಿಲ್ಲ, ಕ್ಷಮಿಸಿ ಅಲ್ಲ, ತನ್ನ ಮೈ ತೊಳೆಯುವ ಕೈ ಈ ಸೊಸೆಯದೊಂದೇ ಎಂದು ಅವಳಿಗೆ ಗೊತ್ತಿತ್ತು.

ಇಂಥ ಬೆನ್ನಿಗೆ ಒದ್ರೆ ಏನಾಯ್ತದೆ ಸ್ವಾಮಿ, ತನ್ನದೇ ದನಿ ಎಂದು ತಿಳಿಯಲು ಹೊಂಬಾಳಮ್ಮನಿಗೆ ಒಂದು ಗಳಿಗೆ ಬೇಕಾಯಿತು, ಡಾಕ್ಟರು ಪೆನ್ನು ಕೆಳಗಿಟ್ಟು, ಮಣಿ ಪುಡಿಯಾಗಿ ನರಕ್ಕೆ ಒತ್ತುತ್ತೆ, ಕಾಲು ಬೀಳುತ್ತೆ, ಯಾರಮ್ಮ ಒದ್ದೋರು, ಎಂದು ಸಣ್ಣತಿಮ್ಮಯ್ಯನನ್ನು ನೋಡಿದರು, ಅವನು ಕೈ ಮುಗಿದ, ದೇವರಾಣೆ ಸಾ, ಇವತ್ತಿನವರ್ಗೂ ಇವಳ ಮೇಲೆ ಕೈ ಮಾಡಿದೋನಲ್ಲ, ಹೇಳೇ, ಹೇಳ್ಬಾರ್ದಾ — ಇರಲಿ, ಒಂದು ಗಳಿಗೆ ಬೇಯಲಿ, ಮೂವತ್ತು ವರ್ಷದ ಮಜ್ಜಿಗೆಗೆ ಅಷ್ಟಾದರೂ — ಆದರೆ ಬಾಯಿ ತಾನಾಗಿಯೇ ತೆರೆದುಕೊಂಡಿತು, ನಂಗಲ್ಲ ಸ್ವಾಮಿ, ಇವ್ರವ್ವಂಗೆ, ನಾನೇ ನಿಂತು ಒದೆಸ್ದೆ. ಗಂಡ ಅವಳತ್ತ ತಿರುಗಿದ, ಏನಂದೆ, ಏನೋ ಹೇಳುತ್ತಿದ್ದಾನೆ, ಭುಜ ಹಿಡಿದು ಅಲುಗಿಸುತ್ತಿದ್ದಾನೆ, ಡಾಕ್ಟರು ಎದ್ದು ನಿಂತಿದ್ದಾರೆ, ಬೆನ್ನು ಉರಿಯುತ್ತಿದೆ, ಮೂರನೆಯ ಒದೆತಕ್ಕೆ ಅತ್ತೆ ಕೂಗಲೇ ಇಲ್ಲ, ಕಂಬವನ್ನು ತಬ್ಬಿದ್ದ ಬೆರಳುಗಳಷ್ಟೇ, ಅದರ ಸುಣ್ಣ ಮೆತ್ತಿದ ಬೆರಳುಗಳು, ಒಂದೊಂದಾಗಿ ಬಿಡುತ್ತಾ, ಕಂಬದುದ್ದಕ್ಕೂ ಕೆಳಗೆ ಜಾರುತ್ತಾ, ಹತ್ತು ಬೆರಳು, ಹತ್ತು ಬೆರಳು —