ಗಾಜಿನ ಟ್ಯೂಬಿನ ಸಾಕ್ಷಿ

ಪ್ರಯೋಗಾಲಯದಲ್ಲಿ ಅವಳಿಗೆ ಮೊಂಡಿ ಎಂದೇ ಹೆಸರು. ಅಲ್ಲಿನ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ‘ದೊಡ್ಡವರು’, ಒಂದು ಕ್ಷಮಾಪಣೆ ಪತ್ರವನ್ನು ಟೈಪು ಮಾಡಿಸಿ ಎಲ್ಲರೆದುರು ಅವಳ ಮೇಜಿನ ಮೇಲಿಟ್ಟರು. ತಾನು ಪ್ರಕಟಿಸಿದ ಫಲಿತಾಂಶ ಬರೀ ಕಟ್ಟುಕತೆ ಎಂದು ಅವಳು ನಾಳೆಯೊಳಗೆ ರುಜು ಹಾಕಬೇಕು. ಹಾಕಿದರೆ ಮಾನ ಹೋಗುತ್ತದೆ, ಹಾಕದಿದ್ದರೆ ಕೆಲಸ. ಇಂಥ ಪತ್ರಗಳಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ, ನೋಡಿ!

ಅವಳ ಫಲಿತಾಂಶ ಇಷ್ಟೇ: ರಕ್ತದ ಬಿಳಿಕಣಗಳಿಗೆ ಫ್ಲೋರೈಡ್ ಹಾಕಿದರೆ ಅವು ರೋಗಾಣು ಕಂಡಂತೆ ಸಿಡಿದೇಳುತ್ತವೆ. ಆ ಸಿಟ್ಟು ಯಂತ್ರದಲ್ಲಿ ಬೆಳಕಾಗಿ ಕಾಣುತ್ತದೆ. ಮೊದಲು ಕಂಡಿತ್ತು ಕೂಡ. ಈಗ ಯಾರು ಹಾಕಿದರೂ ಕಣಗಳದ್ದು ಕುಂಭಕರ್ಣ ನಿದ್ದೆ.

"ರುಜು ಹಾಕ್ಬಿಡ್ಲಾ ಅತ್ತೆ?" ಸಂಜೆ ಅಡುಗೆಮನೆಯಲ್ಲಿ ಕೇಳಿದಳು.

ಅತ್ತೆ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ತಪ್ಪು ಮಾಡಿದ್ಯಾ?"

"ಇಲ್ಲ."

"ಮತ್ತೆ? ಮಾಡದ ತಪ್ಪಿಗೆ ಒಂದ್ಸಲ ಬಗ್ಗಿದ್ರೆ ಕುತ್ತಿಗೆಗೆ ಅದೇ ರೂಢಿ ಆಗೋಗುತ್ತೆ ಕಣೇ."

ಮರುದಿನ ಅವಳು ಕಣಗಳಿಗೆ ಅಯಾನೋಫೋರ್ ಹಾಕಿದಳು. ಅದು ಬಾಗಿಲು ತಟ್ಟುವ ಗೊಡವೆಗೇ ಹೋಗದೆ ಕಣಗಳನ್ನು ಎಬ್ಬಿಸುವ ಕ್ಯಾಲ್ಸಿಯಮ್ಮನ್ನು ಸೀದಾ ಗೋಡೆ ದಾಟಿಸಿ ಕಣದೊಳಕ್ಕೆ ಬಿಡುವ ರಾಸಾಯನಿಕ. ಕಣಗಳು ಜಗ್ಗನೆ ಬೆಳಗಿದವು. ಅಂದರೆ ಅವು ಸತ್ತಿಲ್ಲ, ಯಂತ್ರವೂ ಕೆಟ್ಟಿಲ್ಲ. ಫ್ಲೋರೈಡಿನ ಸೀಸೆ ಅದೇ ಹಳೆಯದು. ಹಾಗಾದರೆ ಬದಲಾದದ್ದೇನು? ಕೈಯಲ್ಲಿದ್ದ ಟ್ಯೂಬನ್ನು ದಿಟ್ಟಿಸಿದಳು. ಅವಳ ಫಲಿತಾಂಶ ಪ್ರಕಟವಾದ ಮೇಲೆ, ತೊಳೆಯುವ ರಗಳೆ ಬೇಡವೆಂದು ದೊಡ್ಡವರೇ ಗಾಜಿನ ಟ್ಯೂಬುಗಳನ್ನು ಉಗ್ರಾಣಕ್ಕೆ ತಳ್ಳಿ ಪ್ಲಾಸ್ಟಿಕ್ಕಿನವನ್ನು ತರಿಸಿದ್ದರು. ಅಂಗೈ ಹುಣ್ಣಿಗೆ ಕನ್ನಡಿ ಹುಡುಕಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಫ್ಲೋರೈಡ್ ಗಾಜನ್ನು ಕೆರೆಯುತ್ತದೆ, ಆಗ ಗಾಜು ಚೂರೇ ಚೂರು ಅಲ್ಯೂಮಿನಿಯಂ ಬಿಡುತ್ತದೆ. ಆ ಜೊತೆಗಾರನಿಲ್ಲದೆ ಫ್ಲೋರೈಡ್ ಎಷ್ಟು ಕೂಗಿದರೂ ಕಣಗಳು ಕಣ್ಣು ಬಿಡಲಿಲ್ಲ, ಅಷ್ಟೆ.

ಉಗ್ರಾಣದ ಧೂಳಿನಿಂದ ಟ್ಯೂಬುಗಳನ್ನು ತಂದು ತೊಳೆದು, ದೊಡ್ಡವರನ್ನೂ ಸೇರಿಸಿ ಎಲ್ಲರನ್ನೂ ಯಂತ್ರದ ಮುಂದೆ ನಿಲ್ಲಿಸಿದಳು. ಗಾಜಿನಲ್ಲಿ ಫ್ಲೋರೈಡ್ ಹಾಕಿದಾಗ ಬೆಳಕು ಏರಿತು. ಪ್ಲಾಸ್ಟಿಕ್ಕಿನಲ್ಲಿ ಏರಲಿಲ್ಲ. ಆ ಪ್ಲಾಸ್ಟಿಕ್ಕಿಗೇ ಅಲ್ಯೂಮಿನಿಯಂ ಲವಣದ ಒಂದು ತೊಟ್ಟು ಬಿಟ್ಟಳು. ತುಸು ಹೊತ್ತಿಗೆ ಅಲ್ಲೂ ಬೆಳಕು ಎದ್ದಿತು.

ದೊಡ್ಡವರು ಕೆಮ್ಮಿದರು. "ಅಂದ್ರೆ ಫ್ಲೋರೈಡ್ ಒಂದೇ ಸಾಕು ಅಂತ ನೀನು ಬರೆದಿದ್ದು ತಪ್ಪೇ ಆಯ್ತಲ್ಲ?"

"ಕಾರಣ ಅರ್ಧ ಬರೆದಿದ್ದೆ ಸರ್. ಇನ್ನರ್ಧಾನೂ ನಾನೇ ಬರೀತೀನಿ. ಕಂಡಿದ್ದು ಮಾತ್ರ ಸುಳ್ಳಲ್ಲ."

"ಸರಿ ಬಿಡಮ್ಮ, ಆಗಿದ್ದು ಆಗೋಯ್ತು." ಮೇಜಿನ ಮೇಲಿದ್ದ ಪತ್ರವನ್ನು ಮೆಲ್ಲಗೆ ಮಡಚಿ ಜೇಬಿಗಿಳಿಸಲು ಹೊರಟರು.

"ಜೇಬಿಗೆ ಬೇಡ ಸರ್." ಅವಳು ಅಡ್ಡ ಬಂದು ನಿಂತಳು. "ಎಲ್ಲರೆದುರಿಗೆ ತಂದಿದ್ದು. ಎಲ್ಲರೆದುರಿಗೇ ಹರೀರಿ."

ದೊಡ್ಡವರು ತಲೆ ತಗ್ಗಿಸಿ ಪತ್ರ ಹರಿದರು. ರೂಢಿಯಿಲ್ಲದ ಕುತ್ತಿಗೆ, ಬಗ್ಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.