ನಲವತ್ತು ಜನರ ಒಂದು ಅಭಿಪ್ರಾಯ

"ಇನ್ನೊಂದು ಸಲ ನೋಡಿ ಮೇಡಮ್ಮೋರೇ, ನಾವು ನಲವತ್ತು ಜನ," ಎಂದಳು ಇಸ್ತ್ರಿಯವಳು.

ಗ್ರಂಥಾಲಯದ ಮೇಡಂ ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿದಳು. "ಎಣಿಸೋದು ನಾನಲ್ಲಮ್ಮ, ಇದೇ ಎಣಿಸುತ್ತೆ. ನಲವತ್ತು ಜನಾನೂ ಅದೇ ಮಾತು ಬರೆದಿದೀರಿ. ಮಾತು ಒಂದೇ ಆದರೆ ಅಭಿಪ್ರಾಯಾನೂ ಒಂದೇ ಅಂತೆ. ಇಲ್ಲಿ ಕೆಳಗೆ ಸಣ್ಣದಾಗಿ ಹಾಕಿದಾರೆ."

ರಸ್ತೆ ಬದಿಯಲ್ಲಿ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಬಳಸಬಾರದೆಂದು ಸರ್ಕಾರ ಹೊಸ ನಿಯಮದ ಕರಡು ಹೊರಡಿಸಿತ್ತು. ಅಭಿಪ್ರಾಯ ಹೇಳಲು ಅವತ್ತು ಸಂಜೆ ಐದರವರೆಗೆ ಗಡುವು, ಹೇಳುವುದೇನಿದ್ದರೂ ಕಂಪ್ಯೂಟರಿನಲ್ಲೇ. ನಿಯಮ ಬಂದರೆ ತಳ್ಳುಗಾಡಿ ಎತ್ತಬೇಕು. ಮರದ ಕೆಳಗೆ ಕರೆಂಟು ಕೊಡುವವರು ಯಾರು? ಹಾಗಾಗಿ ಒಂದು ವಾರ ಅವಳು ಗಾಡಿಯಿಂದ ಗಾಡಿಗೆ ಅಲೆದು, ಒಬ್ಬೊಬ್ಬರನ್ನೇ ಇಲ್ಲಿಗೆ ಕರೆತಂದು, ಒಂದೇ ಚೀಟಿ ನೋಡಿ ಬರೆಸಿದ್ದಳು. ಒಂದಕ್ಷರವೂ ಆಚೀಚೆ ಆಗದಂತೆ ಪಕ್ಕದಲ್ಲೇ ನಿಂತು ಕಾದಿದ್ದಳು. ಹಿಂದೊಮ್ಮೆ ಮುಷ್ಕರದಲ್ಲಿ ಎಲ್ಲರೂ ಒಂದೇ ಕೂಗು ಕೂಗಿ ಗೆದ್ದಿದ್ದರು. ಹತ್ತು ಬಾಯಿ ಹತ್ತು ಮಾತಾಡಿದರೆ ಕೆಲಸ ಕೆಟ್ಟಿತೆಂದೇ ಅವಳ ನಂಬಿಕೆ. ಪಾಪ, ತಪ್ಪೇನಿಲ್ಲ. ಈ ಯಂತ್ರಕ್ಕೆ ಗಂಟಲುಗಳ ಲೆಕ್ಕ ಬರುವುದಿಲ್ಲ, ಅಷ್ಟೆ.

ತಕರಾರು ತೆಗೆದವನು ಒಬ್ಬನೇ, ಅವಳ ಸ್ವಂತ ತಮ್ಮ. ಅವನೂ ಇಸ್ತ್ರಿಯವನೇ. "ನಂದು ನಾನೇ ಬರೀತೀನಿ ಕಣಕ್ಕ," ಎಂದಿದ್ದ. "ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ," ಎಂದು ನಾಲ್ಕು ಜನರ ಮುಂದೆ ಅವನ ಬಾಯಿ ಮುಚ್ಚಿಸಿದ್ದಳು.

"ಇಸ್ತ್ರಿಯವರಿಂದ ಒಟ್ಟು ಎರಡು ಬಂದಿದೆ," ಎಂದಳು ಮೇಡಂ. "ನಿಮ್ಮ ನಲವತ್ತು ಜನರದ್ದು ಒಂದು. ಇನ್ನೊಂದು ಬೇರೆ ಇದೆ."

"ಏನಂತೆ, ಓದಿ."

ಮೇಡಂ ಓದಿದಳು: "ನಾನೂ ಇಸ್ತ್ರಿ ಮಾಡುವವನು. ನನ್ನ ಹೆಂಡತಿ ಹನ್ನೆರಡು ವರ್ಷ ಇದ್ದಿಲು ಊದಿ ಊದಿ ಎದೆ ಕಟ್ಟಿ ಸತ್ತಳು. ಇದ್ದಿಲು ನಿಲ್ಲಿಸಿ. ನಿಲ್ಲಿಸುವ ಮೊದಲು ನಮ್ಮ ಗಾಡಿಗಳಿಗೆ ಕರೆಂಟು ಕೊಡಿ. ನಮ್ಮಕ್ಕನಿಗೂ ಈಗ ಕೆಮ್ಮು ಶುರುವಾಗಿದೆ. ಅವಳು ಯಾರ ಹತ್ತಿರವೂ ಹೇಳುವುದಿಲ್ಲ."

ಇಸ್ತ್ರಿಯವಳಿಗೆ ತಮ್ಮನ ಹೆಂಡತಿಯನ್ನು ಮಣ್ಣು ಮಾಡಿದ ಮೂರನೇ ದಿನವೇ "ಗಿರಾಕಿ ಕಾಯಲ್ಲ ಕಣೋ, ಗಾಡಿ ತೆಗಿ" ಎಂದು ತಾನೇ ಅವನನ್ನು ಎಬ್ಬಿಸಿ ಕಳಿಸಿದ್ದು ನೆನಪಾಯಿತು. ಆಗ ಅದು ಬುದ್ಧಿಮಾತಿನ ಹಾಗೆ ಕಂಡಿತ್ತು. ಈಗ ನಾಚಿಕೆಯಾಯಿತು.

"ಇನ್ನು ಒಂಬತ್ತು ನಿಮಿಷ ಇದೆ," ಎಂದಳು ಮೇಡಂ ಮೆಲ್ಲಗೆ. "ನಿಮ್ಮದೇ ಮಾತಲ್ಲಿ ಒಂದು ಬರೀಬಹುದು."

"ಅವನು ಬರೆದಿರೋದರ ಕೆಳಗೆ ಹೂಂ ಅನ್ನೋದಕ್ಕೆ ಜಾಗ ಇದೆಯಾ?"

"ಇಲ್ಲಮ್ಮ. ಹೊಸದಾಗೇ ಬರೀಬೇಕು."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದಳು. ಮೇಡಂ ಸಹಾಯಕ್ಕೆ ಕೈ ಚಾಚಿದರೆ ಬೇಡವೆಂದಳು. ಗಡುವಿಗೆ ನಾಲ್ಕು ನಿಮಿಷವಿದ್ದಾಗ ಪರದೆಯ ಮೇಲೆ ಎರಡು ಸಾಲು ಮೂಡಿದ್ದವು:

ನನ್ನ ಕೆಮ್ಮು ಈಗ ಶುರುವಾದದ್ದಲ್ಲ. ಎರಡು ವರ್ಷವಾಯಿತು.