ಮಧ್ಯಾಹ್ನದ ಕಣ್ಣು

ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ಮೂರನೇ ಸಲ ಜಾರಿ ಮೇಜಿನ ಮೇಲೆ ಬಿದ್ದಾಗ ಸೀತಾಲಕ್ಷ್ಮಿ ಅದನ್ನು ಎತ್ತಿಕೊಳ್ಳುವ ಮೊದಲು ಹಿಂದೆ ತಿರುಗಿ ನೋಡಿದಳು. ಸೂಪರ್‌ವೈಸರ್ ಶ್ಯಾಮಸುಂದರ ಅಲ್ಲೇ ನಿಂತಿದ್ದರು.

"ಊಟ ಆಗ್ತಿದ್ದಂಗೆ ಶುರುವಾಗುತ್ತಲ್ಲಮ್ಮ ನಿಮ್ಮ ಕಾಯಿಲೆ. ನಾಳೆ ಡಾಕ್ಟರ್ ಹತ್ರ ಹೋಗಿ. ಈ ಸಲಾನೂ ಫಿಟ್ ಅಂತ ಬರೆದ್ರೆ, ಇವರು ಬೇಡ ಅಂತ ನಾನು ಬರೀಬೇಕಾಗುತ್ತೆ."

ಪೀಣ್ಯದ ಆ ಸಣ್ಣ ಕಾರ್ಖಾನೆಯಲ್ಲಿ ಕೈಗಡಿಯಾರ ಜೋಡಿಸುವ ಹೆಂಗಸರು ಹದಿನಾಲ್ಕು ಮಂದಿ. ಹುಬ್ಬಿಗೂ ಕೆನ್ನೆಗೂ ನಡುವೆ ಆ ಗಾಜನ್ನು ಹಿಡಿದಿಟ್ಟುಕೊಳ್ಳುವುದೇ ಅರ್ಧ ಕೆಲಸ. ಏಳು ವರ್ಷ ಹಿಡಿದಿದ್ದ ಕಣ್ಣು ನಾಲ್ಕು ತಿಂಗಳಿಂದ ಮಧ್ಯಾಹ್ನವಾದರೆ ಕೈಕೊಡುತ್ತಿತ್ತು. ರೆಪ್ಪೆ ಇಳಿಯುತ್ತಿತ್ತು, ಮನೆಗೆ ಹೋಗುವ ಬಸ್ಸು ಎರಡೆರಡಾಗಿ ಕಾಣುತ್ತಿತ್ತು. ಮಲಗಿ ಎದ್ದರೆ ಎಲ್ಲ ಸರಿ. ಕಾರ್ಖಾನೆಯ ಡಾಕ್ಟರು ಬರುವುದೋ ಬೆಳಿಗ್ಗೆ ಎಂಟಕ್ಕೆ, ಹೋಗುವುದು ಹತ್ತಕ್ಕೆ. ಎರಡು ಸಲವೂ ಅವರಿಗೆ ಕಂಡದ್ದು ಒಳ್ಳೆಯ ಕಣ್ಣೇ.

ಜಾಲಹಳ್ಳಿಯ ಮನೆಯಲ್ಲೂ ಇದೇ ವಿಚಾರಣೆ. ಸಂಜೆ ಅವಳಿಗೆ ಅನ್ನ ಅಗಿಯಲಾಗುತ್ತಿರಲಿಲ್ಲ, ಮಾತು ಮೂಗಿನಲ್ಲಿ ಬರುತ್ತಿತ್ತು, ನಗಲು ಹೋದರೆ ಮುಖ ಸೊಟ್ಟಗಾಗುತ್ತಿತ್ತು. ಗಂಡ ಸುಬ್ರಹ್ಮಣ್ಯ ತಟ್ಟೆಯಿಂದ ತಲೆಯೆತ್ತಿ ಅದನ್ನೇ ಗಮನಿಸುತ್ತಿದ್ದ.

"ಬೆಳಿಗ್ಗೆ ಪಕ್ಕದ್ಮನೆ ನಾಗಲಕ್ಷ್ಮಮ್ಮನ ಹತ್ರ ನಗ್ತಾ ಮಾತಾಡ್ತೀಯ. ನಾನು ಬರೋ ಹೊತ್ತಿಗೇ ಕಾಯಿಲೆನಾ? ನಾಳೆ ರಜ ಹಾಕ್ತೀನಿ. ಡಾಕ್ಟರ್ನ ನಾನೇ ಕೇಳ್ತೀನಿ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆದರೆ ಅವನೊಬ್ಬನನ್ನೇ ಅಂದು ಏನು ಪ್ರಯೋಜನ? ಬೆಳಿಗ್ಗೆ ಹಗುರಾಗಿ ಎದ್ದು ನೀರು ಹೊರುವಾಗ ಅವಳಿಗೆ ತನ್ನ ಮೇಲೆಯೇ ಅನುಮಾನ ಬರುತ್ತಿತ್ತು. ಅದೇ ಎಲ್ಲಕ್ಕಿಂತ ಹೆಚ್ಚು ನೋಯಿಸುತ್ತಿತ್ತು.

ಹಿಂದಿನ ಭಾನುವಾರ ಜೇಡರ ಬಲೆ ತೆಗೆಯುವಾಗ ಅವಳಿಗೊಂದು ವಿಷಯ ತಿಳಿದಿತ್ತು. ಸ್ವಲ್ಪ ಹೊತ್ತು ಮೇಲೆ ನೋಡುತ್ತ ನಿಂತರೆ ಬೆಳಿಗ್ಗೆಯೇ ರೆಪ್ಪೆ ಸೋಲುತ್ತಿತ್ತು. ಹಾಗಾಗಿ ಡಾಕ್ಟರ ಬಳಿ ಹೋಗಬೇಕಾದ ದಿನ ಎಲ್ಲರಿಗಿಂತ ಮೊದಲು ಎದ್ದಳು. ಮೈ ದಣಿಯಲೆಂದು ಒಂದು ರಾಶಿ ಬಟ್ಟೆ ಒಗೆದಳು, ಚಟ್ನಿಯನ್ನು ಒರಳಿನಲ್ಲಿ ರುಬ್ಬಿದಳು. ಆಮೇಲೆ ನಡುಮನೆಯಲ್ಲಿ ಕೂತು, ಇನ್ನೂ ಫ್ಯಾನು ಕಾಣದ ಸೂರಿನ ಕೊಕ್ಕೆಯನ್ನೇ ನೋಡತೊಡಗಿದಳು. ಇರುವ ಕಾಯಿಲೆಯನ್ನು ಹೊತ್ತಿಗೆ ಮುಂಚೆ ಕರೆದರೆ ಅದು ಮೋಸವೇ? ಅಲ್ಲ ಎಂದುಕೊಂಡಳು. ಆದರೂ ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಎದೆ ಹಾಗೇ ಹೊಡೆದುಕೊಳ್ಳುತ್ತಿತ್ತು. ರೆಪ್ಪೆ ಇಳಿದಾಗ ಬಾಗಿಲಲ್ಲಿ ಸುಬ್ರಹ್ಮಣ್ಯ ನಿಂತಿರುವುದು ಮಸುಕಾಗಿ ಕಂಡಿತು.

ಅವಳ ದುರದೃಷ್ಟ, ಡಾಕ್ಟರು ಆ ದಿನ ಒಂದು ಗಂಟೆ ತಡ. ಬೆಂಚಿನ ಮೇಲೆ ಕೂತೂ ಕೂತೂ ಸುಧಾರಿಸಿಕೊಂಡ ರೆಪ್ಪೆ ಮತ್ತೆ ಮೇಲೇರಿತು. ಡಾಕ್ಟರು ಟಾರ್ಚು ಬಿಟ್ಟು ನೋಡಿದರು, ಕೈ ಹಿಸುಕಿ ನೋಡಿದರು. ಚೀಟಿ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಅವಳಿಗೆ ಅಳು ಬಂತು.

"ಸಾರ್, ಒಂದ್ನಿಮಿಷ," ಎಂದ ಸುಬ್ರಹ್ಮಣ್ಯ. "ನೀವು ತಿಳ್ಕೊಂಡಿರ್ಬೇಕು ಅಂತ ಹೇಳ್ತಿದೀನಿ. ಇವಳು ಬೆಳಿಗ್ಗೆ ಐದು ಗಂಟೆಗೆ ಸೂರು ನೋಡ್ತಾ ಕೂತಿದ್ಲು. ಕಣ್ಣು ಇಳಿಸ್ಕೊಳ್ಳೋಕೆ. ನಾನೇ ನೋಡಿದೆ."

ಸೀತಾಲಕ್ಷ್ಮಿ ತಲೆ ತಗ್ಗಿಸಿದಳು. ಇನ್ನು ಉಳಿದದ್ದೇನೂ ಇರಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಇಳೀತಾ?"

"ಇಳೀತು ಸಾರ್. ಎರಡು ನಿಮಿಷಕ್ಕೆ," ಎಂದ ಸುಬ್ರಹ್ಮಣ್ಯ.

"ಅದೇ ಥರ ಇಲ್ಲಿ ನೋಡಮ್ಮ, ಆ ಫ್ಯಾನನ್ನ. ನೀವೂ ಅವರ ಪಕ್ಕ ನಿಂತು ನೋಡಿ."

"ನಾನ್ಯಾಕೆ ಸಾರ್?"

"ಬೇಕು ಅಂದ್ರೆ ಇಳಿಸ್ಕೊಳ್ಳೋಕಾಗುತ್ತೆ ಅಂತೀರಲ್ಲ. ನೀವು ಇಳಿಸದೆ ನೋಡಿ. ಅವರೂ ಇಳಿಸದೆ ನೋಡ್ತಾರೆ."

ಗಂಡ ಹೆಂಡತಿ ಅಕ್ಕಪಕ್ಕ ನಿಂತು ಫ್ಯಾನು ನೋಡಿದರು. ಡಾಕ್ಟರು ಇಬ್ಬರ ಮುಖವನ್ನೂ ಕೈಗಡಿಯಾರವನ್ನೂ ನೋಡುತ್ತಿದ್ದರು. ಒಂದು ನಿಮಿಷವಾಗುವಷ್ಟರಲ್ಲಿ ಅವಳ ಎಡರೆಪ್ಪೆ ಅದುರಿತು. ಅವಳು ಹುಬ್ಬೇರಿಸಿ, ಹಣೆ ಸುಕ್ಕುಗಟ್ಟಿಸಿ, ಹಲ್ಲು ಕಚ್ಚಿ ತಡೆದಳು. ಈ ಸಲ ಇಳಿಯಬಾರದೆಂದೇ ಅವಳಿಗೆ ಹಠ. ಆದರೂ ಇಳಿಯಿತು. ಹಿಂದೆಯೇ ಬಲದ್ದೂ ಇಳಿಯಿತು.

"ಸಾಕು, ಕೂತ್ಕೋಮ್ಮ," ಎಂದ ಡಾಕ್ಟರ ದನಿ ಮೆತ್ತಗಾಗಿತ್ತು. "ಇದು ನರಕ್ಕೂ ಸ್ನಾಯುಗೂ ಸಂಬಂಧಪಟ್ಟ ಕಾಯಿಲೆ. ಪೂರ್ತಿ ವಾಸಿಯಾಗುತ್ತೆ ಅಂತ ಹೇಳಲಾರೆ, ಮಾತ್ರೆ ಇದೆ. ದೊಡ್ಡಾಸ್ಪತ್ರೆಗೆ ಬರ್ಕೊಡ್ತೀನಿ. ನಿಮ್ಮ ಸೂಪರ್‌ವೈಸರ್‌ಗೂ ಬರೀತೀನಿ."

ಅವರು ಬರೆಯತೊಡಗಿದರು. ಈ ಸಲ ಒಂದು ಪದಕ್ಕೆ ಮುಗಿಯಲಿಲ್ಲ, ಹಾಳೆ ತಿರುಗಿಸಿ ಬರೆದರು. ಸೀತಾಲಕ್ಷ್ಮಿ ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದು ಗಂಡನ ಕಡೆ ನೋಡಿದಳು.

"ನಿಮ್ಮದೂ ಆಯ್ತು, ಸಾಕು," ಎಂದರು ಡಾಕ್ಟರು, ತಲೆಯೆತ್ತದೆ.

ಸುಬ್ರಹ್ಮಣ್ಯ ಹೆಂಡತಿಯತ್ತ ಕಣ್ಣು ಇಳಿಸಲಿಲ್ಲ. ತಿರುಗದ ಫ್ಯಾನಿನ ಮೂರು ರೆಕ್ಕೆಗಳನ್ನೇ ನೋಡುತ್ತ ನಿಂತಿದ್ದ.